ಗಾಡಿ ಮನೆಯ ಕಕ್ಕಸಿಗೆ ತಿಂಗಳ ಖರ್ಚೆಷ್ಟು?

ಕೇಳುಗರಿಗೆಲ್ಲ ನಮಸ್ಕಾರ. ತಟ್ಟೆ ಮುಂದಿಟ್ಟುಕೊಂಡು ರೇಡಿಯೊ ಹಾಕಿದವರು ಇದ್ದರೆ, ಊಟ ಮುಗಿಸಿಕೊಂಡು ಬನ್ನಿ. ಇವತ್ತಿನ ಮಾತು ಕಕ್ಕಸಿನ ಬಗ್ಗೆ. ಅಮೆರಿಕದಲ್ಲಿ ಆರ್‌ವಿ ಅನ್ನುತ್ತಾರಲ್ಲ, ಆ ಗಾಡಿ ಮನೆಯೊಳಗಿನ ಕಕ್ಕಸು.

ಅಲ್ಲಿ ನಿವೃತ್ತರಾದ ಮೇಲೆ ಮನೆ ಮಾರಿ ಆರ್‌ವಿಯಲ್ಲೇ ವರ್ಷವಿಡೀ ಇರುವವರು ಬಹಳ ಮಂದಿ. ಬೇಸಿಗೆ ರಜೆಗೆ ಬಾಡಿಗೆ ಆರ್‌ವಿ ಹಿಡಿದು, ಊರಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಕಡೆ ಹೊರಡುವ ಕನ್ನಡದ ಕುಟುಂಬಗಳೂ ಇವೆ. ಗಾಡಿ ನೋಡುವಾಗ ಮೈಲೇಜು, ಹಾಸಿಗೆ, ಒಲೆ ಎಲ್ಲ ವಿಚಾರಿಸುತ್ತಾರೆ. ಟಾಯ್ಲೆಟ್ ವಿಷಯ ಬಂದರೆ ಕೊಳ್ಳುವ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಆದರೆ ತಿಂಗಳ ಖರ್ಚಿಗೂ ಕೊಳ್ಳುವ ಬೆಲೆಗೂ ಸಂಬಂಧವೇ ಇಲ್ಲ. ಗಾಡಿ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಖರ್ಚು ನಿಂತಿದೆ.

ಲೆಕ್ಕಕ್ಕೆ ಗಂಡ ಹೆಂಡತಿ ಇಬ್ಬರೇ ಇದ್ದಾರೆ ಅಂದುಕೊಳ್ಳಿ. ತಿಂಗಳು ಪೂರ್ತಿ ಗಾಡಿಯಲ್ಲೇ ವಾಸ.

ಹೆಚ್ಚಿನ ಆರ್‌ವಿಗಳಲ್ಲಿ ಇರುವುದು ಬ್ಲ್ಯಾಕ್ ಟ್ಯಾಂಕ್ ಟಾಯ್ಲೆಟ್. ಪೆಡಲ್ ಒತ್ತಿದರೆ ಎಲ್ಲ ನೇರ ಕೆಳಗಿನ ಟ್ಯಾಂಕಿಗೆ ಬೀಳುತ್ತದೆ. ಸಿಂಕ್ ಮತ್ತು ಸ್ನಾನದ ನೀರಿಗೆ ಬೇರೆ ಟ್ಯಾಂಕ್, ಅದು ಗ್ರೇ ಟ್ಯಾಂಕ್. ಬ್ಲ್ಯಾಕ್ ಟ್ಯಾಂಕ್ 30 ಗ್ಯಾಲನ್‌ನದು, ಅಂದರೆ ಸುಮಾರು 113 ಲೀಟರ್ ಅಂತಿಟ್ಟುಕೊಳ್ಳಿ. ನೀರು ನೋಡಿಕೊಂಡು ಬಳಸಿದರೆ ಇಬ್ಬರಿಗೆ ಒಂದು ವಾರ, ಹತ್ತು ದಿನ ಬರುತ್ತದೆ. ಚರಂಡಿ ಸಂಪರ್ಕ ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ನಿಂತಿದ್ದರೆ ಖಾಲಿ ಮಾಡಲು ಬೇರೆ ದುಡ್ಡಿಲ್ಲ. ವಾಸನೆಗೆ ಹಾಕುವ ಔಷಧಿ, ಬೇಗ ಕರಗುವ ಪೇಪರ್, ಎಲ್ಲ ಸೇರಿ ತಿಂಗಳಿಗೆ 10 ಡಾಲರ್ ದಾಟುವುದು ಕಷ್ಟ.

ಖಾಲಿ ಮಾಡುವ ಕೆಲಸ ಹೇಗಿರುತ್ತದೆ ಗೊತ್ತಾ? ಕೈಗೆ ಗ್ಲೌಸ್ ಹಾಕಿಕೊಂಡು ದಪ್ಪ ಪೈಪಿನ ಒಂದು ತುದಿಯನ್ನು ಗಾಡಿಗೆ ತಿರುಗಿಸಿ ಕೂರಿಸಬೇಕು. ಇನ್ನೊಂದು ತುದಿ ನೆಲದ ಗುಂಡಿಗೆ. ಸರಿಯಾಗಿ ಕೂತಿದೆಯಾ ಅಂತ ಕೈಯಲ್ಲಿ ಎಳೆದು ನೋಡಬೇಕು, ಇಲ್ಲದಿದ್ದರೆ ಕಾಲ ಮೇಲೇ ಅಭಿಷೇಕ. ಮೊದಲು ಬ್ಲ್ಯಾಕ್ ಟ್ಯಾಂಕಿನ ಹಿಡಿ ಎಳೆಯಬೇಕು, ಅದು ಪೂರ್ತಿ ಹರಿದ ಮೇಲೆ ಗ್ರೇ. ಹಾಗೆ ಮಾಡಿದರೆ ಸೋಪಿನ ನೀರೇ ಪೈಪನ್ನು ತೊಳೆದುಬಿಡುತ್ತದೆ.

ಇಲ್ಲೇ ಕೆಲವರು ಜಾಣತನ ಮಾಡಲು ಹೋಗುತ್ತಾರೆ. ಹೇಗೂ ಚರಂಡಿಗೆ ಸಂಪರ್ಕ ಇದೆಯಲ್ಲ, ಹಿಡಿ ತೆರೆದೇ ಇಟ್ಟರಾಯಿತು ಅಂತ. ಆಗ ನೀರೆಲ್ಲ ಹರಿದುಹೋಗುತ್ತದೆ, ಗಟ್ಟಿ ಪದಾರ್ಥ ಮಾತ್ರ ಟ್ಯಾಂಕಿನೊಳಗೆ ಗೋಪುರವಾಗಿ ಒಣಗುತ್ತದೆ. ಅದನ್ನು ಒಡೆದು ತೆಗೆಯಲು ಜನ ಕರೆಸಿದರೆ ನೂರಾರು ಡಾಲರ್ ಬಿಲ್ಲು. ಇದನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ!

ಈಗ ಅದೇ ಗಾಡಿಯನ್ನು ಊರಾಚೆ ಸರ್ಕಾರಿ ಜಮೀನಿನಲ್ಲಿ ಪುಕ್ಕಟೆ ನಿಲ್ಲಿಸಿ ನೋಡಿ. ಟ್ಯಾಂಕ್ ತುಂಬಿದಾಗೆಲ್ಲ ಡಂಪ್ ಸ್ಟೇಷನ್‌ಗೆ, ಅಂದರೆ ಟ್ಯಾಂಕ್ ಖಾಲಿ ಮಾಡಲೆಂದೇ ಇರುವ ಜಾಗಕ್ಕೆ, ಹೋಗಬೇಕು. ಪೆಟ್ರೋಲ್ ಬಂಕಿನವರು, ಟ್ರಕ್ ನಿಲ್ದಾಣದವರು ಒಂದು ಸಲಕ್ಕೆ 10ರಿಂದ 20 ಡಾಲರ್ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಹೋಗಿಬರುವ ಖರ್ಚೇ ದೊಡ್ಡದು. ದೊಡ್ಡ ಆರ್‌ವಿ ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಓಡಿದರೆ ಹೆಚ್ಚು. ಹೋಗಿಬರಲು 40 ಮೈಲಿ ಆದರೆ 4-5 ಗ್ಯಾಲನ್ ಇಂಧನ ಸುಟ್ಟಿತು. ತಿಂಗಳಿಗೆ ನಾಲ್ಕು ಸಲ ಅಂದರೆ ನೂರು ಡಾಲರ್ ಸುಲಭವಾಗಿ ದಾಟುತ್ತದೆ. ಜಾಗ ಪುಕ್ಕಟೆ, ಕಕ್ಕಸಿಗೆ ಬಾಡಿಗೆ!

ಅದಕ್ಕೇ ಅರಿಜೋನಾದ ಕ್ವಾರ್ಟ್ಜ್‌ಸೈಟ್‌ಗೆ ಚಳಿಗಾಲದಲ್ಲಿ ಬರುವ ಅನುಭವಸ್ಥರು ಪಕ್ಕದ ಪುಕ್ಕಟೆ ಜಾಗ ಬಿಟ್ಟು ಲಾ ಪೋಸಾ ಬಯಲಿನಲ್ಲಿ ಗಾಡಿ ನಿಲ್ಲಿಸುವ ಪರವಾನಗಿ ತೆಗೆದುಕೊಳ್ಳುತ್ತಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಪೂರ್ತಿ ಹಂಗಾಮಿಗೆ ಬಹಳ ವರ್ಷ ಇದ್ದ ಶುಲ್ಕ 180 ಡಾಲರ್. ಅದರಲ್ಲೇ ಡಂಪ್ ಸ್ಟೇಷನ್ ಬಳಕೆಯೂ ಸೇರಿತ್ತು. ಏಳು ತಿಂಗಳಿಗೆ ಹಂಚಿದರೆ ತಿಂಗಳಿಗೆ 26 ಡಾಲರ್ ಕೂಡ ಆಗಲಿಲ್ಲ.

ಎರಡನೆಯದು ಕ್ಯಾಸೆಟ್ ಟಾಯ್ಲೆಟ್. ಯುರೋಪಿನ ಗಾಡಿಗಳಲ್ಲಿ ಇದೇ ಜಾಸ್ತಿ. 17-20 ಲೀಟರಿನ ಡಬ್ಬ, ಹೊರಗಿನ ಬಾಗಿಲು ತೆಗೆದರೆ ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಬಹುದು. ಗಾಡಿ ನಿಂತಲ್ಲೇ ಇರುತ್ತದೆ, ಇಂಧನ ಉಳಿಯಿತು. ಇಬ್ಬರಿದ್ದರೆ ಎರಡು ಮೂರು ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ಪ್ರತಿ ಸಲದ ಔಷಧಿಗೆ ಒಂದು ಡಾಲರ್ ಹಿಡಿದರೆ ತಿಂಗಳಿಗೆ 10-15 ಡಾಲರ್. ಸೊಂಟ ನೋವಿರುವವರು ಮಾತ್ರ ಯೋಚನೆ ಮಾಡಿ, ತುಂಬಿದ ಡಬ್ಬ ಹಗುರವಲ್ಲ.

ಮೂರನೆಯದಕ್ಕೆ ಕಾಂಪೋಸ್ಟಿಂಗ್ ಟಾಯ್ಲೆಟ್ ಅಂತ ಹೆಸರು. ಅದರಲ್ಲಿ ಪೂರ್ತಿ ಗೊಬ್ಬರ ಏನೂ ಆಗುವುದಿಲ್ಲ, ಒಣಗುತ್ತದೆ ಅಷ್ಟೆ. ಮೂತ್ರ ಮುಂದಿನ ಬಾಟಲಿಗೆ, ಮಲ ಹಿಂದಿನ ಡಬ್ಬಕ್ಕೆ. ಆ ಡಬ್ಬದಲ್ಲಿ ತೆಂಗಿನ ನಾರಿನ ಪುಡಿ. ತುಮಕೂರು, ಅರಸೀಕೆರೆ ಕಡೆ ನಾರಿನ ಫ್ಯಾಕ್ಟರಿಗಳ ಹಿಂದೆ ರಾಶಿ ಬಿದ್ದಿರುತ್ತದಲ್ಲ, ಅದೇ ಪುಡಿ. ಅಮೆರಿಕದಲ್ಲಿ ಇಟ್ಟಿಗೆಯ ಹಾಗೆ ಒತ್ತಿ ಡಾಲರ್ ಲೆಕ್ಕದಲ್ಲಿ ಮಾರುತ್ತಾರೆ. ನೇಚರ್ಸ್ ಹೆಡ್ ಅನ್ನುವ ಹೆಸರಾದ ಮಾದರಿಗೆ ಸಾವಿರ ಡಾಲರ್ ಆಸುಪಾಸು. ಆಮೇಲೆ ಖರ್ಚು ತೀರಾ ಕಡಿಮೆ. ಪುಡಿ ಬದಲಿಸುವುದು ಮೂರು ನಾಲ್ಕು ವಾರಕ್ಕೊಮ್ಮೆ, ವಾಸನೆ ಹೊರಗೆ ತಳ್ಳುವ ಪುಟ್ಟ ಫ್ಯಾನಿಗೆ ಸೋಲಾರ್ ಸಾಕು. ಮೂತ್ರದ ಬಾಟಲಿ ಮಾತ್ರ ಎರಡು ದಿನಕ್ಕೊಮ್ಮೆ ಚೆಲ್ಲಬೇಕು. ಕೊಂಡ ಬೆಲೆಯನ್ನು ಐದು ವರ್ಷಕ್ಕೆ ಹಂಚಿದರೂ ತಿಂಗಳಿಗೆ 17 ಡಾಲರ್, ಪುಡಿಗೆ ಇನ್ನೊಂದು ಐದು ಡಾಲರ್ ಸೇರಿಸಿ.

ಹಾಗಾದರೆ ಇದನ್ನೇ ಹಾಕಿಸೋಣ ಅಂತೀರಾ? ಸ್ವಲ್ಪ ತಾಳಿ. ನಾವು ನೀರು ಬಳಸುವ ಜನ. ಈ ಟಾಯ್ಲೆಟ್‌ಗೆ ನೀರೇ ಶತ್ರು. ತೊಳೆದ ನೀರು ನಾರಿನ ಪುಡಿಗೆ ಬಿದ್ದರೆ ಅದು ಕೆಸರಾಗಿ, ಗಾಡಿಯಲ್ಲಿ ಕೂರಲಾಗದ ಹಾಗೆ ನಾರುತ್ತದೆ. ಬ್ಲ್ಯಾಕ್ ಟ್ಯಾಂಕ್ ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ನೀರು ಬಿದ್ದಷ್ಟೂ ಒಳ್ಳೆಯದು, ಪೇಪರ್ ಕಡಿಮೆಯಾದಷ್ಟೂ ಒಳ್ಳೆಯದು. ಟ್ಯಾಂಕ್ ಬೇಗ ತುಂಬುತ್ತದಲ್ವಾ ಅನ್ನುವ ಭಯ ಜಾಸ್ತಿಯೇ ಆಯಿತು. ಮಲಕ್ಕೆ ಹೋಗಿ ತೊಳೆದುಕೊಳ್ಳಲು ಒಂದು ಸಲಕ್ಕೆ ಅರ್ಧ ಲೀಟರ್ ಹಿಡಿಯಿರಿ. ಇಬ್ಬರಿಗೆ ದಿನಕ್ಕೆ ಒಂದೋ ಎರಡೋ ಲೀಟರ್. 113 ಲೀಟರಿನ ಟ್ಯಾಂಕಿಗೆ ಅದೇನು ಮಹಾ! ಕನ್ನಡದ ಮನೆಯವರು ಕೇಳಿದರೆ ನಾನು ಬ್ಲ್ಯಾಕ್ ಟ್ಯಾಂಕೇ ಇರಲಿ ಅನ್ನುತ್ತೇನೆ.

ಇನ್ನುಳಿದವನ್ನು ಬೇಗ ಹೇಳಿಬಿಡುತ್ತೇನೆ. ಲಾವಿಯೊ ಡ್ರೈ ಫ್ಲಶ್ ಅನ್ನುವುದು ಪ್ರತಿ ಸಲವೂ ಎಲ್ಲವನ್ನೂ ಹಾಳೆಯಲ್ಲಿ ಸುತ್ತಿ ಮುಚ್ಚುತ್ತದೆ. ನೀರಿಲ್ಲ, ವಾಸನೆಯಿಲ್ಲ. ಆದರೆ ಒಂದು ಫ್ಲಶ್‌ಗೆ ಡಾಲರ್‌ಗಿಂತ ಮೇಲೆ. ಇಬ್ಬರೂ ಸೇರಿ ದಿನಕ್ಕೆ ಹತ್ತು ಸಲ ಅಂದರೆ ತಿಂಗಳಿಗೆ 300 ಡಾಲರ್ ದಾಟಿತು. ವಾರಾಂತ್ಯಕ್ಕೆ ಹೋಗಿಬರುವವರಿಗೆ ಸರಿ, ಸಂಸಾರಕ್ಕೆ ಆಗದು. ಸುಟ್ಟು ಬೂದಿ ಮಾಡುವ ಟಾಯ್ಲೆಟ್‌ಗಳೂ ಇವೆ. ಇನ್ಸಿನೋಲೆಟ್ ಎನ್ನುವ ವಿದ್ಯುತ್ ಮಾದರಿ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಕರೆಂಟ್ ಎಳೆಯುತ್ತದೆ. ಗಾಡಿಯ 100 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ ಒಂದೂಕಾಲು ಯೂನಿಟ್. ಬೆಳಿಗ್ಗೆ ಒಬ್ಬರು ಹೋಗಿ ಬಂದರೆ ಮನೆಯೆಲ್ಲ ಕತ್ತಲೆ. ನಾರ್ವೆಯ ಸಿಂಡರೆಲ್ಲಾ ಕಂಪನಿಯದು ಗ್ಯಾಸಿನಲ್ಲೂ ನಡೆಯುತ್ತದೆ, ಆದರೆ ಕೊಳ್ಳಲು ಸಾವಿರಾರು ಡಾಲರ್ ಬೇಕು.

ಕೊನೆಯದಾಗಿ, ಬಾಡಿಗೆ ಗಾಡಿಯವರಿಗೆ ಒಂದು ಮಾತು. ಟ್ಯಾಂಕ್ ಖಾಲಿ ಮಾಡದೆ ವಾಪಸ್ ಕೊಟ್ಟರೆ ದಂಡ ಹಾಕುವ ಕಂಪನಿಗಳು ಬಹಳ, ಒಪ್ಪಂದದ ಕಾಗದದಲ್ಲಿ ಎಷ್ಟು ಅಂತ ಓದಿಕೊಳ್ಳಿ. ಯೆಲ್ಲೊಸ್ಟೋನ್ ಒಳಗೆ ನಿಂತಲ್ಲೇ ಚರಂಡಿ ಸಂಪರ್ಕ ಸಿಗುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಅಲ್ಲಿ ಜಾಗ ಸಿಗದಿದ್ದರೆ, ಹೊರಡುವ ಮುಂಚೆಯೇ ದಾರಿಯ ಡಂಪ್ ಸ್ಟೇಷನ್‌ಗಳನ್ನು ಗುರುತು ಹಾಕಿಕೊಂಡಿರಿ. ನಮಸ್ಕಾರ.