ವಾಟಗದಾಗಿನ ಹಿಟ್ಟಿನ ತೂಕ

ಎಲ್ಲಾರಿಗೂ ನಮಸ್ಕಾರ. ಒಲಿ ಮುಂದ ನಿಂತು ರೇಡಿಯೋ ಹಚ್ಚಿಕೊಂಡವರಿಗೆ ಒಂದು ಮಾತು ಮೊದಲ ಹೇಳಿಬಿಡ್ತೀನಿ. ಮಿಲಿಲೀಟರು ಬ್ಯಾರೆ, ಗ್ರಾಮು ಬ್ಯಾರೆ. ಎರಡೂ ಒಂದ ಆಗೋದು ನೀರಿಗೆ. ಹಿಟ್ಟಿಗೆ ಅಲ್ಲ.

ಹುಬ್ಬಳ್ಳಿಯ ಒಂದು ಮನಿಯೊಳಗ ಮಗಳ ಹುಟ್ಟುಹಬ್ಬಕ್ಕ ಕೇಕ್ ಮಾಡಿದರು. ಚೀಟಿಯೊಳಗ ಮೈದಾ 250 ಗ್ರಾಮ್, ಸಕ್ಕರಿ 200 ಗ್ರಾಮ್, ಹಾಲು 250 ಮಿಲಿಲೀಟರ್ ಅಂತ ಇತ್ತು. ಪ್ಯಾಟಿಯಿಂದ ತಂದ ಅಳತಿ ಕಪ್ಪಿನ ಮ್ಯಾಲೂ 250 ಅಂತ ಅಚ್ಚಾಗಿತ್ತು. ಸರಿ, ಪಾವ ಕಿಲೋ ಅಂದ್ರ ಇದ ಅಂತ ತಿಳದು ಒಂದು ಕಪ್ಪು ಮೈದಾ ಹಾಕಿದರು. ಸಕ್ಕರಿ ಅಂಗಡಿಯವರು ತೂಗಿ ಕೊಟ್ಟದ್ದು. ಕಲಸಿದ್ದು ದ್ವಾಸಿ ಹಿಟ್ಟಿಗಿಂತ ತೆಳ್ಳಗಾತು. ಕೇಕು ಉಬ್ಬಿತು, ಇಳಿಸೋದ್ರೊಳಗ ನಡುವ ಕುಸೀತು, ಕೊಯ್ದ್ರ ಒಳಗ ಅಂಬಲಿ. ಬೇಕಿಂಗ್ ಪೌಡರ್ ಹಳೇದು ಅಂದರು, ಹೊಸಾ ಡಬ್ಬಿ ಬಂತು. ಮತ್ತ ಕುಸೀತು. ಒಲಿ ಸರಿ ಇಲ್ಲ ಅಂದರು. ಕಪ್ಪಿನ ಕಡೆ ಮಾತ್ರ ಯಾರೂ ನೋಡಲಿಲ್ಲ! ಅದರ ಮ್ಯಾಲಿನ 250 ಅಂದ್ರ ಮಿಲಿಲೀಟರು, ಆ ಕಪ್ಪಿನಾಗ ಹಿಡಿದಿದ್ದು ಬರೇ 130 ಗ್ರಾಮ್ ಮೈದಾ. ಬೇಕಾಗಿದ್ದು ಎರಡು ಕಪ್ಪಿಗೆ ಒಂಚೂರು ಕಡಿಮಿ.

ಹಿಟ್ಟಿನ ಕಣಗಳ ನಡುವ ಗಾಳಿ ಇರತದ, ಅದಕ್ಕ ಹಿಂಗ. ಗಿರಣಿಯಿಂದ ಬಂದ ಡಬ್ಬಿ ನೋಡ್ರಿ. ಬೈಕಿನ ಮ್ಯಾಲ ಕುಲುಕಿ ಕುಲುಕಿ ಮನಿಗೆ ಬರೋದ್ರೊಳಗ ಹಿಟ್ಟು ಎರಡು ಬೆರಳು ಕೆಳಗ ಇಳದಿರತದ. ತೂಕ ಅಷ್ಟ ಅದ, ಗಾಳಿ ಹೋಗ್ಯದ. ಹಂಗ ವಾಟಗಾನ, ಅಂದ್ರ ಆ ಅಳತಿ ಕಪ್ಪನ್ನ, ಡಬ್ಬಿಯೊಳಗ ಒತ್ತಿ ತುಂಬಿ, ಕಟ್ಟಿಗೆ ಬಡಿದ್ರ ಅದ ಮೈದಾ 150 ಗ್ರಾಮ್ ದಾಟತದ. ಕುಟ್ಟಬ್ಯಾಡ್ರಿ. ಮೊದಲ ಹಿಟ್ಟು ಕೈಯಾಡಿಸಿ ಸಡಿಲ ಮಾಡ್ರಿ, ಚಮಚದಿಂದ ಮೆಲ್ಲಕ ತುಂಬ್ರಿ, ಚಾಕುವಿನ ಬೆನ್ನಿಲೆ ಮ್ಯಾಲಿಂದು ಸವರಿ ತಗೀರಿ.

250 ಮಿಲಿಲೀಟರಿನ ವಾಟಗಕ್ಕ ಜರಡಿ ಹಿಡಿದ ಕಡಲಿ ಹಿಟ್ಟು ಸುಮಾರು 100 ಗ್ರಾಮ್, ರವಾ 170, ಸಕ್ಕರಿ 200ರ ಮ್ಯಾಲ. ಅಂದ್ರ ಪಾವ ಕಿಲೋ ಕಡಲಿ ಹಿಟ್ಟು ಎರಡೂವರಿ ವಾಟಗ, ಪಾವ ಕಿಲೋ ರವಾ ಒಂದೂವರಿ. ಬೇಸನ್ ಉಂಡಿಗೆ ಒಂದ ವಾಟಗ ಹಿಟ್ಟು ಹಾಕಿ ಪಾವ ಕಿಲೋ ಲೆಕ್ಕದಾಗ ತುಪ್ಪ ಸುರದ್ರ ಉಂಡಿ ಕಟ್ಟೋದಿಲ್ಲ, ತಾಟಿನಾಗ ಹರೀತದ. ಮತ್ತ ಹೇಳ್ತೀನಿ, ಗ್ರಾಮು ಬ್ಯಾರೆ, ಮಿಲಿಲೀಟರು ಬ್ಯಾರೆ.

ರೊಟ್ಟಿಗೆ ಈ ಲೆಕ್ಕ ಬ್ಯಾಡ, ಅಲ್ಲಿ ನಿಮ್ಮ ಕೈನ ನೀರು ಸರಿ ಮಾಡಕೋತದ. ಕೇಕು, ಬಿಸ್ಕೀಟು, ಉಂಡಿಗೆ ಬೇಕ ಬೇಕು.

ಹೊತ್ತು ಆಗ್ಲಿಕತ್ತದ, ಲಗೂ ಹೇಳ್ತೀನಿ. ಡಿಜಿಟಲ್ ತಕ್ಕಡಿ ಇದ್ರ ಖಾಲಿ ವಾಟಗ ಇಟ್ಟು ಸೊನ್ನಿ ಮಾಡ್ರಿ, ಆಮ್ಯಾಲ ತುಂಬ್ರಿ. ತಕ್ಕಡಿ ಇಲ್ಲದಿದ್ರ ಅರ್ಧ ಕಿಲೋ ಮೈದಾ ಪೊಟ್ಟಣ ತಂದು ಪೂರಾ ನಿಮ್ಮ ವಾಟಗದಿಂದ ಅಳೀರಿ. ನಾಲ್ಕು ವಾಟಗ ಬಂದ್ರ ಒಂದಕ್ಕ 125 ಗ್ರಾಮ್. ದೊಡ್ಡ ಚಮಚ, 15 ಮಿಲಿಲೀಟರಿಂದು, ಸವರಿದ್ರ ಮೈದಾ 8 ಗ್ರಾಮ್. ಈ ಅಂಕಿ ಚೀಟಿ ಮ್ಯಾಲ ಬರದು ಡಬ್ಬಿ ಮುಚ್ಚಳದ ಒಳಗ ಇವತ್ತ ಅಂಟಸ್ರಿ, ಹೊರಗ ಅಂಟಿಸಿದ್ರ ಎಣ್ಣಿ ಕೈಗೆ ಅಳಿಸಿ ಹೋಗತದ. ನಮಸ್ಕಾರ.