ಒಬ್ಬಳೇ ಸಾಕ್ಷಿ

ಕೇಳುಗರಿಗೆ ನಮಸ್ಕಾರ.

ಕೆಲವು ಸಸ್ಪೆನ್ಸ್ ಕತೆಗಳಲ್ಲಿ ಕೊಲೆಯಿಲ್ಲ, ಬೆನ್ನಟ್ಟುವವರಿಲ್ಲ. ಒಂಟಿ ಮನೆ, ಕತೆ ಹೇಳುವ ಒಂದೇ ದನಿ. ಆದರೂ ಓದುತ್ತ ಓದುತ್ತ ಏನೋ ಕಸಿವಿಸಿ: ಈಕೆ ಹೇಳುತ್ತಿರುವುದು ನಿಜವೇ? ಇಂಥವರಿಗೆ ‘ನಂಬಲಾಗದ ನಿರೂಪಕ’ ಎಂದು ಹೆಸರಿಟ್ಟವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ಕಸುಬು ಮಾತ್ರ ಅದಕ್ಕಿಂತ ಹಳೆಯದು.

1898ರಲ್ಲಿ ಬಂದ ಹೆನ್ರಿ ಜೇಮ್ಸ್‌ನ ಕಿರುಕಾದಂಬರಿ ‘ದಿ ಟರ್ನ್ ಆಫ್ ದಿ ಸ್ಕ್ರೂ’ ತೆಗೆದುಕೊಳ್ಳಿ. ಇಂಗ್ಲೆಂಡಿನ ಹಳ್ಳಿಗಾಡಿನ ಬಂಗಲೆ, ಇಬ್ಬರು ತಬ್ಬಲಿ ಮಕ್ಕಳು, ಅವರಿಗೆ ಪಾಠ ಹೇಳಲು ಬಂದ ಎಳೆಪ್ರಾಯದ ಶಿಕ್ಷಕಿ. ಸತ್ತುಹೋದ ಇಬ್ಬರು ತನಗೆ ಕಾಣುತ್ತಾರೆ ಅನ್ನುತ್ತಾಳೆ. ಅವಳನ್ನು ಒಂಟಿಯಾಗಿಸುವುದು ಕತ್ತಲೆ, ಬಿರುಗಾಳಿಗಳಲ್ಲ, ಕೆಲಸದ ಕರಾರು. ಏನೇ ಆದರೂ ತನಗೆ ತೊಂದರೆ ಕೊಡಕೂಡದು, ಕಾಗದ ಬರೆಯಕೂಡದು ಎಂದು ಮಕ್ಕಳ ದೊಡ್ಡಪ್ಪ ಮೊದಲೇ ಹೇಳಿಬಿಟ್ಟಿದ್ದಾನೆ. ಮನೆವಾರ್ತೆಯ ಮಿಸೆಸ್ ಗ್ರೋಸ್‌ಗೆ ಓದು ಬಾರದು. ಹುಡುಗನನ್ನು ಶಾಲೆಯಿಂದ ಹೊರಹಾಕಿದ ಪತ್ರ ಬಂದರೆ, ಅದರಲ್ಲೇನಿದೆ ಎಂದು ಹೇಳುವವಳೂ ಈ ಶಿಕ್ಷಕಿಯೇ. ಗ್ರೋಸ್‌ಗೂ ಅವಳೇ ಗತಿ, ನಮಗೂ ಅವಳೇ ಗತಿ.

ಇಂಥ ಕತೆಗೆ ನಿಧಾನ ಬೇಕೇ ಬೇಕು. ಮೊದಲ ಪುಟಗಳಲ್ಲೇ ಅನುಮಾನ ಹುಟ್ಟಿದರೆ ನಾವು ದೂರ ನಿಂತು ತೀರ್ಪು ಕೊಡುತ್ತೇವೆ. ತಡವಾಗಿ ಹುಟ್ಟಿದರೆ, ಅಷ್ಟರಲ್ಲಿ ಅವಳ ಪಕ್ಷ ಸೇರಿಬಿಟ್ಟಿರುತ್ತೇವೆ, ಬಿಟ್ಟು ಬರುವುದು ಕಷ್ಟ. ಈಚಿನ ಎಷ್ಟೋ ಸಸ್ಪೆನ್ಸ್ ಕತೆಗಳು ನಿರೂಪಕರಿಗೆ ಕುಡಿತವನ್ನೋ ಮರೆವನ್ನೋ ಅಂಟಿಸಿ ಸುಲಭದ ದಾರಿ ಹಿಡಿಯುತ್ತವೆ, ನನಗದು ಹಿಡಿಸುವುದಿಲ್ಲ. ಜೇಮ್ಸ್‌ನ ಶಿಕ್ಷಕಿ ಜಾಣೆ, ಮಕ್ಕಳೆಂದರೆ ಪ್ರಾಣ. ಆ ಅಕ್ಕರೆಯೇ ದಿನದಿನಕ್ಕೆ ಕಾವಲಾಗುತ್ತದೆ, ಭಯವಾಗುವುದು ಅಲ್ಲಿ.

ದೆವ್ವಗಳು ಅವಳ ತಲೆಯೊಳಗಿನವು ಎಂದು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದಿಸಿದರು. ಕೆರೆಯ ದಂಡೆಯಲ್ಲಿ ‘ಅಗೋ, ಅಲ್ಲಿ’ ಎಂದು ಇವಳು ತೋರಿಸಿದಾಗ ಗ್ರೋಸ್‌ಗೆ ಏನೂ ಕಾಣುವುದಿಲ್ಲ, ನಿಜ. ಆದರೆ ಸತ್ತ ಆ ಇಬ್ಬರಲ್ಲೊಬ್ಬನಾದ, ಇವಳು ಎಂದೂ ನೋಡಿರದ ಆಳು ಕ್ವಿಂಟ್‌ನನ್ನು, ಇವಳ ವರ್ಣನೆ ಕೇಳಿಯೇ ಗ್ರೋಸ್ ಗುರುತು ಹಿಡಿದದ್ದು ಹೇಗೆ? ಜಗಳ ಇನ್ನೂ ಮುಗಿದಿಲ್ಲ. ನನಗಂತೂ ದೆವ್ವ ಇತ್ತೋ ಇಲ್ಲವೋ ಅನ್ನುವುದಕ್ಕಿಂತ ಅವರಿಬ್ಬರ ಮಾತುಕತೆಯೇ ಹೆಚ್ಚು ಕುತೂಹಲದ್ದು. ಎರಡನೆಯ ಸಲ ಓದುವಾಗ ಬರೀ ಅದನ್ನೇ ಹಿಂಬಾಲಿಸಿ. ಗ್ರೋಸ್ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಎಷ್ಟು ಸಲ ಶಿಕ್ಷಕಿಯೇ ಪೂರ್ತಿ ಮಾಡಿ, ಅದನ್ನು ಗ್ರೋಸ್ ಒಪ್ಪಿದಳು ಎಂದು ಬರೆದುಕೊಂಡಿದ್ದಾಳೆ, ನೋಡಿ.

ನಮಸ್ಕಾರ.