ಗೇರುಮರದ ಕೆಳಗಿನ ಕಲ್ಲುಗಳು

ಕೇಳುಗರಿಗೆ ನಮಸ್ಕಾರ.

ಹಸಿ ಗೇರುಬೀಜ ಒಡೆಯಲು ಹೋಗಿ ಕೈಗೆ ಸೊನೆ ತಾಗಿಸಿಕೊಂಡವರಿಗೆ ಆ ಉರಿ ಗೊತ್ತು. ಚರ್ಮ ಕಪ್ಪಾಗಿ ಸುಲಿದು ಬರುತ್ತದೆ. ಅದಕ್ಕೇ ನಮ್ಮ ಕರಾವಳಿಯ ಮಕ್ಕಳು ಬೀಜವನ್ನು ಕೆಂಡದಲ್ಲಿ ಸುಟ್ಟು ತಿನ್ನುವುದು. ಬೆಂಕಿ ಗೊತ್ತಿಲ್ಲದ ಪ್ರಾಣಿ ಏನು ಮಾಡಬೇಕು?

ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಪಿಯಾವಿ ಎಂಬ ರಾಜ್ಯವಿದೆ. ಅಲ್ಲಿನ ಸೆರ್ರಾ ದ ಕಪಿವಾರಾ ರಾಷ್ಟ್ರೀಯ ಉದ್ಯಾನ ಕಲ್ಲುಬಂಡೆ, ಮುಳ್ಳುಗಿಡಗಳ ಒಣ ಕಾಡು. ಗೇರು ಆ ನಾಡಿನದೇ ಮರ. ಅಲ್ಲೊಂದು ಕೋತಿ ಇದೆ, ಗಡ್ಡದ ಕ್ಯಾಪುಚಿನ್. ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಕಪ್ಪು ಕೂದಲು, ಕೆನ್ನೆಯ ಪಕ್ಕ ಗಡ್ಡ. ಗಂಡು ಕೋತಿಯೂ ಮೂರೂವರೆ ಕೆಜಿ ಆಸುಪಾಸು ಅಷ್ಟೇ.

ಅದು ಬೀಜವನ್ನು ಚಪ್ಪಟೆ ಕಲ್ಲಿನ ಮೇಲೋ ಮರದ ಬೇರಿನ ಮೇಲೋ ಇಡುತ್ತದೆ. ಎರಡೂ ಕೈಯಲ್ಲಿ ಇನ್ನೊಂದು ಕಲ್ಲನ್ನು ಎತ್ತಿ ಕುಟ್ಟುತ್ತದೆ. ಸುಮ್ನೆ ಕೈಗೆ ಸಿಕ್ಕ ಕಲ್ಲಲ್ಲ, ಆರಿಸಿ ತಂದ ಗಟ್ಟಿ ಕಲ್ಲು. ಹಲ್ಲಿನಿಂದ ಕಚ್ಚಿದರೆ ಬಾಯಿ ಸುಡುತ್ತದೆ, ಅಲ್ವಾ? ಮರಿಗಳು ದೊಡ್ಡವುಗಳ ಪಕ್ಕದಲ್ಲೇ ಕೂತು, ಉಳಿದ ಚೂರು ಹೆಕ್ಕಿ ತಿನ್ನುತ್ತಾ ನೋಡುತ್ತವೆ. ತಾವೂ ಕುಟ್ಟಿ ನೋಡುತ್ತವೆ, ಏಟು ತಪ್ಪುತ್ತದೆ. ಕೈ ಪಳಗಲು ವರ್ಷಗಳೇ ಹಿಡಿಯುತ್ತವೆ. ನನಗೆ ಈ ಕೋತಿಯ ಮೇಲೆ ಪ್ರೀತಿ ಹುಟ್ಟಿದ್ದೇ ಈ ತಾಳ್ಮೆಯಿಂದ.

ಕುಟ್ಟಿ ಮುಗಿದ ಮೇಲೆ ಕಲ್ಲು ಮರದಡಿಯಲ್ಲೇ ಉಳಿಯುತ್ತದೆ. ಮಣ್ಣು ಅದನ್ನು ಮುಚ್ಚುತ್ತದೆ. ಹಳೆಯ ಮನುಷ್ಯರ ಗುರುತು ಹುಡುಕಿ ಅಗೆಯುವ ಹಾಗೆಯೇ ಪುರಾತತ್ವದವರು ಈ ಕೋತಿಗಳ ಜಾಗವನ್ನೂ ಅಗೆದರು. 600–700 ವರ್ಷ ಹಳೆಯ ಕಲ್ಲುಗಳು ಸಿಕ್ಕಿವೆ ಎಂದು 2016ರಲ್ಲಿ ತಿಳಿಸಿದರು. ಅವುಗಳ ಮೇಲೆ ಗೇರುಬೀಜದ ಗುರುತು ಇನ್ನೂ ಇತ್ತು! ಇನ್ನೂ ಆಳಕ್ಕೆ ಹೋದಾಗ ಲೆಕ್ಕ ಸುಮಾರು 3000 ವರ್ಷಕ್ಕೆ ಮುಟ್ಟಿತು. ಆ ವರದಿ ಬಂದಿದ್ದು 2019ರಲ್ಲಿ. ಕೆಳಗಿನ ಪದರದ ಕಲ್ಲುಗಳು ಸಣ್ಣವು, ಮೇಲಿನವು ದೊಡ್ಡವು. ಒಡೆಯುವ ತಿನಿಸು ಬದಲಾದಂತೆ ಕಲ್ಲೂ ಬದಲಾಗಿರಬೇಕು.

ಪೋರ್ಚುಗೀಸರು ಬ್ರೆಜಿಲ್ ದಡ ಮುಟ್ಟಿದ್ದು 1500ರಲ್ಲಿ. ಗೇರು ನಮ್ಮ ಪಶ್ಚಿಮ ಕರಾವಳಿಗೆ ಬಂದಿದ್ದು ಅವರ ಕೈಯಿಂದಲೇ, ಆಮೇಲೆ. ಅಷ್ಟು ಹೊತ್ತಿಗಾಗಲೇ ಸೆರ್ರಾ ದ ಕಪಿವಾರಾದ ಮರಗಳ ಕೆಳಗೆ ಎಷ್ಟೋ ತಲೆಮಾರಿನ ಕೋತಿಗಳು ಗೇರುಬೀಜ ಕುಟ್ಟಿ ತಿಂದು ಹೋಗಿದ್ದವು. ಈಗಲೂ ಬೀಜದ ಕಾಲ ಬಂದರೆ ಅಲ್ಲಿ ಕಲ್ಲಿನ ಸದ್ದು ಕೇಳುತ್ತದೆ.

ನಮಸ್ಕಾರ.